ಮನೆಗೆ ಎಷ್ಟು ದೊಡ್ಡ ಇನ್ವರ್ಟರ್, ಎಷ್ಟು ಬ್ಯಾಟರಿ? ಲೆಕ್ಕ ಹಾಕುವ ಕ್ರಮ

ಇನ್ವರ್ಟರ್ ಕೊಳ್ಳಲು ಹೊರಟವರು ಮೊದಲು ಕೇಳುವುದು ಎಷ್ಟು ವಿಎ (ಇನ್ವರ್ಟರಿನ ಗಾತ್ರ), ಎಷ್ಟು ಎಎಚ್ (ಬ್ಯಾಟರಿಯ ಗಾತ್ರ) ಎಂದು. ಈ ಎರಡು ಸಂಖ್ಯೆಗಳು ಲೆಕ್ಕದ ಕೊನೆಯಲ್ಲಿ ತಾವಾಗಿಯೇ ಸಿಗುವಂಥವು. ಮೊದಲು ಗೊತ್ತಾಗಬೇಕಾದದ್ದು ಬೇರೆ ಮೂರು ವಿಷಯ: ಕರೆಂಟ್ ಹೋದಾಗ ಏನೇನು ನಡೆಯಲೇಬೇಕು, ಎಷ್ಟು ಹೊತ್ತು ನಡೆಯಬೇಕು, ಕರೆಂಟ್ ಬಂದ ಮೇಲೆ ಬ್ಯಾಟರಿ ತುಂಬಿಕೊಳ್ಳಲು ಎಷ್ಟು ಹೊತ್ತು ಸಿಗುತ್ತದೆ. ಮೂರನೆಯದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ಹೊಸ ಬ್ಯಾಟರಿ ಒಂದೇ ವರ್ಷಕ್ಕೆ ಸೋತುಹೋಯಿತು ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಅದೇ.

ಕೆಳಗಿನ ಲೆಕ್ಕಕ್ಕೆ ಕೂಡಿಸು, ಗುಣಿಸು, ಭಾಗಿಸು ಬಂದರೆ ಸಾಕು. ಜೊತೆಗೆ ಪ್ಲಗ್‌ಗೆ ಸಿಕ್ಕಿಸುವ ವ್ಯಾಟ್ ಮೀಟರ್ ಒಂದಿದ್ದರೆ ಊಹೆಯ ಪಾಲು ಬಹಳ ಕಡಿಮೆಯಾಗುತ್ತದೆ.

ಹಂತ 1: ಪಟ್ಟಿ ಮಾಡಿ, ಆಮೇಲೆ ಅರ್ಧ ಹೊಡೆದುಹಾಕಿ

ಮನೆಯಲ್ಲಿರುವ ವಿದ್ಯುತ್ ಉಪಕರಣಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಬಿಸಿ ಮಾಡುವ ಯಾವುದೇ ಉಪಕರಣವಿದ್ದರೂ ಮೊದಲು ಅದರ ಮೇಲೆ ಗೀಟು ಎಳೆಯಿರಿ: ಗೀಸರ್, ಇಸ್ತ್ರಿಪೆಟ್ಟಿಗೆ, ಇಂಡಕ್ಷನ್ ಒಲೆ, ಎಲೆಕ್ಟ್ರಿಕ್ ಕೆಟಲ್, ಹೀಟರ್. 2000 ವ್ಯಾಟಿನ ಗೀಸರ್ ಅರ್ಧ ಗಂಟೆ ಓಡಿದರೆ 1000 ವ್ಯಾಟ್-ಅವರ್, ಅಂದರೆ ಒಂದು ಯೂನಿಟ್ ಹೋಯಿತು. ಅಷ್ಟರಲ್ಲಿ ಎರಡು ಫ್ಯಾನ್ ಇಡೀ ರಾತ್ರಿಗಿಂತ ಕೊಂಚ ಕಡಿಮೆ ಹೊತ್ತು ತಿರುಗುತ್ತವೆ.

ನೀರಿನ ಪಂಪನ್ನೂ ಹೊರಗಿಡುವುದು ಲೇಸು. 1 ಎಚ್‌ಪಿ ಎಂದರೆ 746 ವ್ಯಾಟ್, ಆದರೆ ಅದು ಮೋಟರ್ ಹೊರಗೆ ಕೊಡುವ ಶಕ್ತಿ. ಒಳಗೆ ಎಳೆಯುವುದು 1100 ವ್ಯಾಟಿನ ಆಸುಪಾಸು, ಶುರುವಾಗುವ ಕ್ಷಣದಲ್ಲಿ ಅದರ ಐದಾರು ಪಟ್ಟು. ದಿನಕ್ಕೆ ಹತ್ತು ನಿಮಿಷ ಓಡುವ ಪಂಪಿಗಾಗಿ ಇಡೀ ವ್ಯವಸ್ಥೆಯನ್ನು ಮೂರು ಪಟ್ಟು ದೊಡ್ಡದು ಮಾಡುವುದಕ್ಕಿಂತ, ಕರೆಂಟ್ ಇರುವಾಗಲೇ ಮೇಲಿನ ಟ್ಯಾಂಕ್ ತುಂಬಿಡುವುದು ಸುಲಭ.

ಫ್ರಿಜ್ ಬಗ್ಗೆ ಮಾತ್ರ ಸ್ವಲ್ಪ ನಿಂತು ಯೋಚಿಸಬೇಕು. ಬಾಗಿಲು ತೆರೆಯದೆ ಬಿಟ್ಟರೆ ಫ್ರಿಜ್ ಒಳಗಿನ ತಂಪು ಸುಮಾರು 4 ಗಂಟೆ ಉಳಿಯುತ್ತದೆ. ನಿಮ್ಮಲ್ಲಿ ಕರೆಂಟ್ ಹೋಗುವುದು ಒಂದೆರಡು ಗಂಟೆ ಮಾತ್ರವಾದರೆ ಫ್ರಿಜ್ ಪಟ್ಟಿಯಲ್ಲಿ ಇರಬೇಕಾದ್ದಿಲ್ಲ. ಅದನ್ನು ತೆಗೆದರೆ ಬ್ಯಾಟರಿ ಒಂದಿಷ್ಟು ಉಳಿಯುತ್ತದೆ, ಅದಕ್ಕಿಂತ ಹೆಚ್ಚಾಗಿ ಇನ್ವರ್ಟರ್ ಚಿಕ್ಕದಾದರೂ ಸಾಕಾಗುತ್ತದೆ. ಇನ್ಸುಲಿನ್‌ನಂಥ ಔಷಧಿ ಒಳಗಿದ್ದರೆ ಈ ಮಾತು ಅನ್ವಯಿಸುವುದಿಲ್ಲ.

ಉಸಿರಾಟಕ್ಕೆ ನೆರವಾಗುವ ಯಂತ್ರಗಳನ್ನು ಇದೇ ಪಟ್ಟಿಯಲ್ಲಿ ಕಲಸಬೇಡಿ. 5 ಲೀಟರಿನ ಆಕ್ಸಿಜನ್ ಕಾನ್ಸಂಟ್ರೇಟರ್ 300ರಿಂದ 350 ವ್ಯಾಟ್ ಎಳೆಯುತ್ತದೆ, ಅದೂ ನಿಲ್ಲದೆ. ಅದಕ್ಕೆ ಪ್ರತ್ಯೇಕ ಬ್ಯಾಕಪ್ ಇರಬೇಕು. ಅದೂ ಕೈಕೊಟ್ಟರೆ ಎಂದು ಪಕ್ಕದಲ್ಲಿ ತುಂಬಿದ ಸಿಲಿಂಡರ್ ಕೂಡ ಇರಬೇಕು.

ಹಂತ 2: ಲೇಬಲ್ ನಂಬಬೇಡಿ, ಅಳೆಯಿರಿ

ಉಪಕರಣದ ಹಿಂದೆ ಅಂಟಿಸಿದ ಲೇಬಲ್‌ನಲ್ಲಿ ಇರುವುದು ಗರಿಷ್ಠ ಬಳಕೆ. 65 ವ್ಯಾಟ್ ಎಂದು ಬರೆದ ಲ್ಯಾಪ್‌ಟಾಪ್ ಚಾರ್ಜರ್, ಬ್ಯಾಟರಿ ತುಂಬಿದ ಲ್ಯಾಪ್‌ಟಾಪಿಗೆ 20 ವ್ಯಾಟಿಗಿಂತ ಕಡಿಮೆ ಕೊಡುತ್ತಿರಬಹುದು. ಫ್ಯಾನ್‌ನದ್ದು ಇದಕ್ಕೆ ಉಲ್ಟಾ: ಹಳೆಯ ಸೀಲಿಂಗ್ ಫ್ಯಾನ್ 70-75 ವ್ಯಾಟ್ ಎಳೆದೇ ಎಳೆಯುತ್ತದೆ, ಬಿಎಲ್‌ಡಿಸಿ ಫ್ಯಾನ್ (ಬ್ರಶ್ ಇಲ್ಲದ ಡಿಸಿ ಮೋಟರಿನದ್ದು) ಅದೇ ಗಾಳಿಯನ್ನು 30 ವ್ಯಾಟಿನ ಆಸುಪಾಸಿನಲ್ಲಿ ಕೊಡುತ್ತದೆ.

ವ್ಯಾಟ್ ಮೀಟರ್ ಇಲ್ಲದಿದ್ದರೆ ಮನೆಯ ಡಿಜಿಟಲ್ ವಿದ್ಯುತ್ ಮೀಟರೇ ಸಾಕು. ಅದರ ಮೇಲೆ ಮಿನುಗುವ ಒಂದು ಸಣ್ಣ ಕೆಂಪು ದೀಪವಿರುತ್ತದೆ. ಪಕ್ಕದಲ್ಲಿ 1600 ಅಥವಾ 3200ರಂಥ ಒಂದು ಸಂಖ್ಯೆ ಅಚ್ಚಾಗಿರುತ್ತದೆ. ಒಂದು ಯೂನಿಟ್ ಖರ್ಚಾಗಲು ದೀಪ ಅಷ್ಟು ಸಲ ಮಿನುಗಬೇಕು ಎಂದು ಅದರ ಅರ್ಥ. ಬ್ಯಾಕಪ್ ಬೇಕಾದ ಉಪಕರಣಗಳನ್ನು ಮಾತ್ರ ಆನ್ ಮಾಡಿ, ಉಳಿದದ್ದೆಲ್ಲ ಆಫ್ ಮಾಡಿ, ಒಂದು ನಿಮಿಷದಲ್ಲಿ ಎಷ್ಟು ಸಲ ಮಿನುಗಿತು ಎಂದು ಎಣಿಸಿ. 3200ರ ಮೀಟರಿನಲ್ಲಿ ನಿಮಿಷಕ್ಕೆ 10 ಸಲ ಎಂದರೆ ಗಂಟೆಗೆ 600 ಸಲ; 600 ÷ 3200 = 0.1875 ಯೂನಿಟ್. ಅಂದರೆ ಲೋಡ್ 187 ವ್ಯಾಟ್.

ಫ್ರಿಜ್ಜನ್ನು ಹೀಗೆ ಒಂದು ನಿಮಿಷ ಅಳೆದು ಪ್ರಯೋಜನವಿಲ್ಲ. ಕಂಪ್ರೆಸರ್ ಓಡುತ್ತದೆ, ನಿಲ್ಲುತ್ತದೆ, ಮತ್ತೆ ಓಡುತ್ತದೆ. ವ್ಯಾಟ್ ಮೀಟರಿಗೆ ಸಿಕ್ಕಿಸಿ ಪೂರ್ತಿ 24 ಗಂಟೆ ಬಿಡಿ, ಬಂದ ಯೂನಿಟ್ಟನ್ನು 24ರಿಂದ ಭಾಗಿಸಿ. ದಿನಕ್ಕೆ 1.2 ಯೂನಿಟ್ ಬಂದರೆ ಸರಾಸರಿ 50 ವ್ಯಾಟ್. ಸೆಖೆಯ ದಿನಗಳಲ್ಲಿ ಅಳೆದರೆ ಇನ್ನೂ ಒಳ್ಳೆಯದು, ಆಗ ಕಂಪ್ರೆಸರ್ ಹೆಚ್ಚು ಹೊತ್ತು ಓಡುತ್ತದೆ.

ಹಂತ 3: ವ್ಯಾಟ್ ಬೇರೆ, ವ್ಯಾಟ್-ಅವರ್ ಬೇರೆ

ಒಂದೇ ಹೊತ್ತಿಗೆ ಆನ್ ಆಗಿರುವ ಉಪಕರಣಗಳ ವ್ಯಾಟ್ ಮೊತ್ತ ಇನ್ವರ್ಟರಿನ ಗಾತ್ರ ಹೇಳುತ್ತದೆ. ಪ್ರತಿ ಉಪಕರಣದ ವ್ಯಾಟನ್ನು ಅದು ಓಡುವ ಗಂಟೆಗಳಿಂದ ಗುಣಿಸಿ ಕೂಡಿಸಿದರೆ ಬರುವ ವ್ಯಾಟ್-ಅವರ್ ಬ್ಯಾಟರಿಯ ಗಾತ್ರ ಹೇಳುತ್ತದೆ. ದೊಡ್ಡ ಇನ್ವರ್ಟರ್ ತಂದರೆ ಹೆಚ್ಚು ಹೊತ್ತು ಬರುತ್ತದೆ ಎಂಬುದು ಇವೆರಡನ್ನೂ ಒಂದೇ ಎಂದುಕೊಂಡಿದ್ದರ ಫಲ. ನಿಜವಾಗಿ ದೊಡ್ಡ ಇನ್ವರ್ಟರ್ ಖಾಲಿ ಓಡುವಾಗಲೂ ಹೆಚ್ಚು ತಿನ್ನುತ್ತದೆ, ಹೊತ್ತು ಕಡಿಮೆಯೇ ಆಗುತ್ತದೆ.

6 ಗಂಟೆ ಕರೆಂಟ್ ಇಲ್ಲದ ಒಂದು ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ.

ಎಲ್‌ಇಡಿ ಬಲ್ಬ್ 4, ತಲಾ 9 ವ್ಯಾಟ್: 36 ವ್ಯಾಟ್ × 5 ಗಂಟೆ = 180
ಸಾಮಾನ್ಯ ಫ್ಯಾನ್ 2, ತಲಾ 70 ವ್ಯಾಟ್: 140 × 6 = 840
ಇಂಟರ್ನೆಟ್ ರೂಟರ್: 15 × 6 = 90
ಟಿವಿ: 80 × 2 = 160
ಲ್ಯಾಪ್‌ಟಾಪ್: 60 × 2 = 120
ಫ್ರಿಜ್: 120 ವ್ಯಾಟ್, ಕಂಪ್ರೆಸರ್ ಶೇ. 40ರಷ್ಟು ಹೊತ್ತು ಓಡುತ್ತದೆ ಎಂದು ಹಿಡಿದರೆ 120 × 6 × 0.4 = 288

ಒಟ್ಟು 1678 ವ್ಯಾಟ್-ಅವರ್. ಎಲ್ಲವೂ ಒಟ್ಟಿಗೆ ಓಡಿದರೆ 451 ವ್ಯಾಟ್.

ಈ ಪಟ್ಟಿಯಲ್ಲಿ ಅರ್ಧದಷ್ಟನ್ನು ಎರಡು ಫ್ಯಾನ್‌ಗಳೇ ತಿಂದಿವೆ ಎಂಬುದನ್ನು ಗಮನಿಸಿ. ಅವುಗಳ ಬದಲು 30 ವ್ಯಾಟಿನ ಎರಡು ಬಿಎಲ್‌ಡಿಸಿ ಫ್ಯಾನ್ ಹಾಕಿದರೆ 840 ಇದ್ದದ್ದು 360 ಆಗುತ್ತದೆ, ಒಟ್ಟು 1198ಕ್ಕೆ ಇಳಿಯುತ್ತದೆ. ಬ್ಯಾಟರಿ ಹೆಚ್ಚಿಸುವ ಮೊದಲು ಲೋಡ್ ಇಳಿಸಿ ನೋಡಿ ಎನ್ನುವುದು ಇದಕ್ಕೇ. ಬ್ಯಾಟರಿ ನಾಲ್ಕೈದು ವರ್ಷಕ್ಕೊಮ್ಮೆ ಬದಲಾಯಿಸಬೇಕಾದ ಸಾಮಾನು, ಫ್ಯಾನ್ ಹಾಗಲ್ಲ.

ಹಂತ 4: ನಷ್ಟ ಸೇರಿಸಿ ಬ್ಯಾಟರಿ ಲೆಕ್ಕ

ಬ್ಯಾಟರಿಯ ಡಿಸಿಯನ್ನು ಮನೆಯ ಉಪಕರಣಗಳಿಗೆ ಬೇಕಾದ ಎಸಿ ಮಾಡುವಾಗ ಶೇ. 10ರಿಂದ 20ರಷ್ಟು ಬಿಸಿಯಾಗಿ ಹೋಗುತ್ತದೆ. 0.85ರಿಂದ ಭಾಗಿಸಿದರೆ ವಾಸ್ತವಕ್ಕೆ ಹತ್ತಿರ: 1678 ÷ 0.85 = 1974 ವ್ಯಾಟ್-ಅವರ್. ಬ್ಯಾಟರಿ ನಿಜವಾಗಿ ಹೊರಗೆ ಕೊಡಬೇಕಾದದ್ದು ಇಷ್ಟು.

ಲೋಡ್ ತೀರ ಸಣ್ಣದಿದ್ದರೆ ಈ 0.85 ಸುಳ್ಳಾಗುತ್ತದೆ. ಇನ್ವರ್ಟರಿಗೆ ಸುಮ್ಮನೆ ಆನ್ ಆಗಿರಲೇ 15-25 ವ್ಯಾಟ್ ಬೇಕು. ರಾತ್ರಿಯಿಡೀ 15 ವ್ಯಾಟಿನ ರೂಟರ್ ಒಂದೇ ಓಡುತ್ತಿದ್ದರೆ, ರೂಟರ್ ತಿನ್ನುವಷ್ಟನ್ನೋ ಅದಕ್ಕಿಂತ ಹೆಚ್ಚನ್ನೋ ಇನ್ವರ್ಟರೇ ತಿನ್ನುತ್ತದೆ. ರೂಟರಿಗಾಗಿಯೇ ಸಿಗುವ 12 ವೋಲ್ಟಿನ ಪುಟ್ಟ ಯುಪಿಎಸ್ ಹಾಕಿ ಅದನ್ನು ಪಟ್ಟಿಯಿಂದ ಕಳಚುವುದು ಜಾಣತನ.

ಮುಂದೆ, ಬ್ಯಾಟರಿಯನ್ನು ಎಷ್ಟು ಆಳಕ್ಕೆ ಖಾಲಿ ಮಾಡಬಹುದು ಎಂಬ ಪ್ರಶ್ನೆ. ಲೆಕ್ಕ ಅತ್ತಿತ್ತ ಆಗುವುದು ಬಹುತೇಕ ಇಲ್ಲೇ.

ಲೆಡ್-ಆಸಿಡ್ ಬ್ಯಾಟರಿಯನ್ನು ದಿನವೂ ಬಳಸುವುದಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಆಳಕ್ಕೆ ಇಳಿದಷ್ಟೂ ಅದರ ಆಯುಷ್ಯ ಬೇಗ ಸವೆಯುತ್ತದೆ. ತಿಂಗಳಿಗೊಂದೆರಡು ಸಲ ಮಾತ್ರ ಕರೆಂಟ್ ಹೋಗುವ ಕಡೆ ಟ್ಯೂಬುಲರ್ ಬ್ಯಾಟರಿಯನ್ನು (ಕೊಳವೆಯಾಕಾರದ ಪ್ಲೇಟಿನ ಲೆಡ್-ಆಸಿಡ್) ಶೇ. 80ರವರೆಗೂ ಬಳಸಬಹುದು. ಕಾರಿನ ಬ್ಯಾಟರಿಯನ್ನು ಮಾತ್ರ ಈ ಕೆಲಸಕ್ಕೆ ತರಬೇಡಿ. ಅದರ ತೆಳು ಪ್ಲೇಟುಗಳು ಕ್ಷಣಮಾತ್ರ ಭಾರಿ ಕರೆಂಟ್ ಕೊಡಲು ಇರುವಂಥವು, ಪದೇ ಪದೇ ಆಳಕ್ಕೆ ಇಳಿಸಿದರೆ ಕೆಲವೇ ತಿಂಗಳಲ್ಲಿ ಉದುರುತ್ತವೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಶೇ. 80-90ರವರೆಗೆ ಚಿಂತೆಯಿಲ್ಲದೆ ಇಳಿಸಬಹುದು.

ಜೊತೆಗೆ ವಯಸ್ಸಿನ ಲೆಕ್ಕ. ಸಾಮರ್ಥ್ಯ ಮೂಲದ ಶೇ. 80ಕ್ಕೆ ಇಳಿದಾಗ ಬ್ಯಾಟರಿಯ ಆಯುಷ್ಯ ಮುಗಿಯಿತು ಎಂದು ಉದ್ಯಮದಲ್ಲಿ ಎಣಿಸುತ್ತಾರೆ. ಹೊಸತರಲ್ಲಿ ಸರಿಯಾಗಿ 6 ಗಂಟೆ ಬರುವಂತೆ ಅಳೆದರೆ ಕೊನೆಯ ವರ್ಷ 5 ಗಂಟೆಯೂ ಬರುವುದಿಲ್ಲ. ಆದ್ದರಿಂದ ಇನ್ನೊಮ್ಮೆ 0.8ರಿಂದ ಭಾಗಿಸಿ.

ದಿನವೂ ಬಳಕೆ, ಲೆಡ್-ಆಸಿಡ್: 1974 ÷ 0.5 ÷ 0.8 = 4935 ವ್ಯಾಟ್-ಅವರ್. 24 ವೋಲ್ಟಿಗೆ (12 ವೋಲ್ಟಿನ ಎರಡು ಬ್ಯಾಟರಿ ಒಂದರ ಹಿಂದೊಂದು ಕಟ್ಟಿದಾಗ ಬರುವುದು) ಭಾಗಿಸಿದರೆ 206 ಎಎಚ್.
ಅಪರೂಪದ ಬಳಕೆ, ಟ್ಯೂಬುಲರ್: 1974 ÷ 0.8 ÷ 0.8 = 3084. 24 ವೋಲ್ಟಿಗೆ 129 ಎಎಚ್.
ಲಿಥಿಯಂ: 1974 ÷ 0.9 ÷ 0.8 = 2742. 25.6 ವೋಲ್ಟಿಗೆ 107 ಎಎಚ್.

ಅದೇ ಮನೆ, ಅದೇ ಲೋಡ್. ಆದರೂ ಒಂದು ಕಡೆ 200 ಎಎಚ್‌ಗಿಂತ ದೊಡ್ಡ ಎರಡು ಬ್ಯಾಟರಿ, ಇನ್ನೊಂದು ಕಡೆ 150 ಎಎಚ್‌ನ ಎರಡು. ಎರಡೂ ಸರಿಯೇ, ಕರೆಂಟ್ ಎಷ್ಟು ಸಲ ಹೋಗುತ್ತದೆ ಎಂಬುದರ ಮೇಲೆ ನಿಂತಿದೆ. ಬಿಎಲ್‌ಡಿಸಿ ಫ್ಯಾನ್ ಹಾಕಿದ ಲೆಕ್ಕವನ್ನು ಎರಡನೆಯ ಸಾಲಿನಂತೆ ಮಾಡಿದರೆ 92 ಎಎಚ್ ಬರುತ್ತದೆ, ಆಗ 100 ಎಎಚ್‌ನ ಎರಡು ಸಾಕು.

ಬ್ಯಾಟರಿ ಮೇಲಿನ ಎಎಚ್ ಸಂಖ್ಯೆಯ ಪಕ್ಕದಲ್ಲಿ ಸಿ10 ಅಥವಾ ಸಿ20 ಎಂದಿರುತ್ತದೆ. ಅದನ್ನು ಓದದೆ ಎರಡು ಬ್ಯಾಟರಿಗಳನ್ನು ಹೋಲಿಸಬೇಡಿ. 150 ಎಎಚ್ ಸಿ20 ಎಂದರೆ 7.5 ಆಂಪಿಯರಿನಂತೆ 20 ಗಂಟೆ ಎಳೆದರೆ ಮಾತ್ರ 150 ಸಿಗುತ್ತದೆ. ಬೇಗ ಎಳೆದಷ್ಟೂ ಲೆಡ್-ಆಸಿಡ್ ಬ್ಯಾಟರಿ ಕಡಿಮೆ ಕೊಡುತ್ತದೆ: ಅದೇ ಬ್ಯಾಟರಿ 10 ಗಂಟೆಯಲ್ಲಿ ಖಾಲಿಯಾಗುವಂತೆ ಎಳೆದರೆ ಸುಮಾರು 130, 5 ಗಂಟೆಯಲ್ಲಾದರೆ ಸುಮಾರು 120, ಒಂದೇ ಗಂಟೆಯಲ್ಲಾದರೆ 90ರ ಆಸುಪಾಸು. ನಮ್ಮ ಉದಾಹರಣೆಯಲ್ಲಿ ಸರಾಸರಿ 1974 ÷ 6 ÷ 24, ಅಂದರೆ ಸುಮಾರು 14 ಆಂಪಿಯರ್ ಹೋಗುತ್ತದೆ. 150ರ ಬ್ಯಾಟರಿಗೆ ಇದು ಹೆಚ್ಚುಕಡಿಮೆ 10 ಗಂಟೆಯ ವೇಗ. ಹಾಗಾಗಿ ಸಿ10 ಸಂಖ್ಯೆಯನ್ನೇ ನೋಡಿ ಕೊಳ್ಳಬೇಕು. ಲಿಥಿಯಂನಲ್ಲಿ ಈ ವ್ಯತ್ಯಾಸ ಲೆಕ್ಕಕ್ಕೆ ಹಿಡಿಯುವಷ್ಟಿಲ್ಲ.

ಚಳಿ ಹೆಚ್ಚಿರುವ ಜಾಗವಾದರೆ ಇನ್ನೊಂದು ಕಡಿತವಿದೆ: 0 ಡಿಗ್ರಿಯ ಹತ್ತಿರ ಲೆಡ್-ಆಸಿಡ್ ತನ್ನ ಸಾಮರ್ಥ್ಯದ ಶೇ. 80ರಷ್ಟನ್ನೇ ಕೊಡುತ್ತದೆ. ಬಿಸಿಯಲ್ಲಿ ಸಾಮರ್ಥ್ಯ ಕುಗ್ಗದು, ಆಯುಷ್ಯ ಕುಗ್ಗುತ್ತದೆ. 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿ ಏರಿದಂತೆ ಲೆಡ್-ಆಸಿಡ್ ಬ್ಯಾಟರಿಯ ಬಾಳಿಕೆ ಸುಮಾರು ಅರ್ಧವಾಗುತ್ತದೆ. ಬಿಸಿಲು ಬೀಳುವ ಬಾಲ್ಕನಿ, ತಗಡಿನ ಚಾವಣಿಯ ಕೆಳಗಿನ ಅಟ್ಟ, ಎರಡೂ ಬೇಡ.

ಹಂತ 5: ಮತ್ತೆ ತುಂಬಲು ಎಷ್ಟು ಹೊತ್ತು?

ಲೆಡ್-ಆಸಿಡ್ ಬ್ಯಾಟರಿಗೆ ಅದರ ಎಎಚ್‌ನ ಶೇ. 10ರಿಂದ 15ರಷ್ಟು ಆಂಪಿಯರಿನಲ್ಲಿ ಚಾರ್ಜ್ ಮಾಡಬೇಕು. 150 ಎಎಚ್‌ಗೆ 15ರಿಂದ 20 ಆಂಪಿಯರ್. 6 ಗಂಟೆ ಓಡಿದ ಮೇಲೆ ನಮ್ಮ ಬ್ಯಾಟರಿಯಿಂದ ಹೋದದ್ದು 1974 ÷ 24 = 82 ಎಎಚ್. ಚಾರ್ಜ್ ಮಾಡುವಾಗಲೂ ನಷ್ಟವಿದೆ, 1.2ರಿಂದ ಗುಣಿಸಿದರೆ 98 ಎಎಚ್ ತುಂಬಬೇಕು. 15 ಆಂಪಿಯರಿನಲ್ಲಿ ಆರೂವರೆ ಗಂಟೆ. ಅಷ್ಟಕ್ಕೇ ಮುಗಿಯುವುದಿಲ್ಲ, ಕೊನೆಯ ಶೇ. 15-20 ತುಂಬುವಾಗ ಬ್ಯಾಟರಿ ತಾನಾಗಿಯೇ ಕರೆಂಟ್ ತೆಗೆದುಕೊಳ್ಳುವುದನ್ನು ಕಡಿಮೆ ಮಾಡುತ್ತದೆ, ಅದಕ್ಕೆ ಇನ್ನೂ ಮೂರು ಗಂಟೆ ಬೇಕು. ಒಟ್ಟು 9-10 ಗಂಟೆ.

ದಿನಕ್ಕೆ ಒಂದೇ ಸಲ 6 ಗಂಟೆ ಕರೆಂಟ್ ಹೋಗುವಲ್ಲಿ ಇದು ಸಾಕಷ್ಟಾಯಿತು. ಆದರೆ 6 ಗಂಟೆ ಇದ್ದು 6 ಗಂಟೆ ಹೋಗುವ ಕಡೆ ಬ್ಯಾಟರಿ ಎಂದೂ ಪೂರ್ತಿ ತುಂಬುವುದಿಲ್ಲ. ಅರೆ ತುಂಬಿದ ಸ್ಥಿತಿಯಲ್ಲೇ ಇದ್ದರೆ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆ ಭಾಗ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಇನ್ನೂ ದೊಡ್ಡ ಬ್ಯಾಟರಿ ತಂದರೆ ಪರಿಹಾರವಾಗುವುದಿಲ್ಲ, ಅದೇ ಚಾರ್ಜರಿಗೆ ಅದನ್ನು ತುಂಬಲು ಇನ್ನೂ ಹೆಚ್ಚು ಹೊತ್ತು ಬೇಕು. ಇಂಥಲ್ಲಿ ದಾರಿ ಎರಡೇ: ಲೋಡ್ ಇಳಿಸುವುದು, ಇಲ್ಲವೇ ಲಿಥಿಯಂಗೆ ಹೋಗುವುದು. 25.6 ವೋಲ್ಟ್ 100 ಎಎಚ್‌ನ ಲಿಥಿಯಂ ಬ್ಯಾಟರಿ 50 ಆಂಪಿಯರ್ ತೆಗೆದುಕೊಳ್ಳಬಲ್ಲದಾದರೆ ಹೋದ 77 ಎಎಚ್ ಎರಡು ಗಂಟೆಯೊಳಗೆ ವಾಪಸ್. ಅದೂ ಅರೆ ತುಂಬಿದ್ದರಿಂದ ಅದಕ್ಕೆ ಕೇಡಿಲ್ಲ. ಇನ್ವರ್ಟರಿನ ಚಾರ್ಜರ್ ಅಷ್ಟು ಆಂಪಿಯರ್ ಕೊಡುತ್ತದೆಯೇ ಎಂದು ಮಾತ್ರ ಮೊದಲೇ ನೋಡಿಕೊಳ್ಳಿ.

ಚಾರ್ಜಿಂಗ್ ವೋಲ್ಟೇಜ್ ಬ್ಯಾಟರಿಯ ಜಾತಿಗೆ ಹೊಂದಬೇಕು. 12 ವೋಲ್ಟಿನ ನೀರು ಹಾಕುವ ಲೆಡ್-ಆಸಿಡ್‌ಗೆ ಪೂರ್ತಿ ತುಂಬಿಸುವ ಹಂತದಲ್ಲಿ 14.4, ಆಮೇಲೆ ಫ್ಲೋಟ್‌ನಲ್ಲಿ, ಅಂದರೆ ತುಂಬಿದ್ದನ್ನು ಹಾಗೇ ಕಾಯ್ದಿಡುವ ಹಂತದಲ್ಲಿ, 13.5ರಿಂದ 13.8. ನಾಲ್ಕು ಸೆಲ್‌ಗಳ ಲಿಥಿಯಂಗೆ 14.2ರಿಂದ 14.4, ಫ್ಲೋಟ್ 13.5. 24 ವೋಲ್ಟಿಗೆ ಇವೆಲ್ಲ ಇಮ್ಮಡಿ. ಹಳೆಯ ಇನ್ವರ್ಟರಿಗೆ ಲಿಥಿಯಂ ಬ್ಯಾಟರಿ ಕಟ್ಟಿದಾಗ ಎಡವಟ್ಟಾಗುವುದು ಇಲ್ಲಿ: ಲೆಡ್-ಆಸಿಡ್‌ಗಾಗಿ ಆಗಾಗ 15 ವೋಲ್ಟ್ ದಾಟಿಸುವ ಈಕ್ವಲೈಸ್ (ಎಲ್ಲ ಸೆಲ್‌ಗಳನ್ನು ಸಮ ಮಾಡುವ) ಹಂತ ಅದರಲ್ಲಿದ್ದರೆ ಬಿಎಂಎಸ್, ಅಂದರೆ ಲಿಥಿಯಂ ಬ್ಯಾಟರಿಯೊಳಗಿನ ಕಾವಲು ಸರ್ಕ್ಯೂಟ್, ಬ್ಯಾಟರಿಯ ಸಂಪರ್ಕವನ್ನೇ ಕಡಿದುಹಾಕುತ್ತದೆ. ಲಿಥಿಯಂ ಎಂಬ ಆಯ್ಕೆ ಸೆಟ್ಟಿಂಗ್‌ನಲ್ಲಿ ಇಲ್ಲದ ಇನ್ವರ್ಟರಿಗೆ ಅದನ್ನು ಕಟ್ಟಬೇಡಿ. 0 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಲಿಥಿಯಂ ಚಾರ್ಜ್ ಮಾಡುವುದೂ ಸಲ್ಲದು.

ಹಂತ 6: ಇನ್ವರ್ಟರಿನ ಗಾತ್ರ

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗಿರುವುದು ವಿಎ. ನಿಮಗೆ ಬೇಕಾದದ್ದು ವ್ಯಾಟ್. ಎರಡರ ನಡುವೆ ಇರುವುದು ಪವರ್ ಫ್ಯಾಕ್ಟರ್: 1000 ವಿಎ ಇನ್ವರ್ಟರಿನ ಪವರ್ ಫ್ಯಾಕ್ಟರ್ 0.8 ಇದ್ದರೆ 800 ವ್ಯಾಟ್, 0.7 ಇದ್ದರೆ 700 ವ್ಯಾಟ್. ಕೈಪಿಡಿಯಲ್ಲಿ ಹುಡುಕಿ ವ್ಯಾಟನ್ನೇ ಓದಿ.

ಓಡುವ ಲೋಡಿಗೆ ಶೇ. 25 ಸೇರಿಸಿ: 451 × 1.25 = 564 ವ್ಯಾಟ್. ಆಮೇಲೆ ಮೋಟರ್ ಶುರುವಾಗುವ ಕ್ಷಣ. ಸಾಮಾನ್ಯ ಕಂಪ್ರೆಸರಿನ ಫ್ರಿಜ್ ಓಡುವಾಗ 120 ವ್ಯಾಟ್, ಶುರುವಾಗುವಾಗ ಅರೆಕ್ಷಣ ಆರು ಪಟ್ಟು ಎಂದು ಹಿಡಿಯಿರಿ, 720. ಉಳಿದ 331 ಸೇರಿ 1051 ವ್ಯಾಟ್. ಇನ್ವರ್ಟರ್ ಕಂಪ್ರೆಸರ್ ಇರುವ ಫ್ರಿಜ್ ನಿಧಾನಕ್ಕೆ ವೇಗ ಹಿಡಿಯುವುದರಿಂದ ಈ ತೊಂದರೆ ಇಲ್ಲ. ನಮ್ಮ ಉದಾಹರಣೆಗೆ 800 ವ್ಯಾಟಿನದ್ದು ಆ ಕ್ಷಣದ ಏರಿಕೆಯನ್ನು (ಸರ್ಜ್) ತಾಳಿಕೊಂಡು ಹೇಗೋ ಸಾಗಿಸೀತು. 24 ವೋಲ್ಟಿನ, 1200 ವ್ಯಾಟಿನ, ಅಂದರೆ 1500 ವಿಎ ಆಸುಪಾಸಿನದ್ದು ನೆಮ್ಮದಿ. ಲಿಥಿಯಂ ಬ್ಯಾಟರಿಯಾದರೆ ಬಿಎಂಎಸ್ ಎಷ್ಟು ಆಂಪಿಯರಿಗೆ ಕಡಿಯುತ್ತದೆ ಎಂದೂ ನೋಡಿ. ಇನ್ವರ್ಟರ್ ತಾಳಿದರೂ ಬಿಎಂಎಸ್ ತಾಳದಿದ್ದರೆ ಮನೆ ಕತ್ತಲು.

ಪ್ಯೂರ್ ಸೈನ್ ವೇವ್ (ಲೈನಿನ ಕರೆಂಟಿನಂಥ ನುಣುಪು ಅಲೆ) ಬೇಕೋ, ಸ್ಕ್ವೇರ್ ವೇವ್ (ಚೌಕಾಕಾರದ ಒರಟು ಅಲೆ) ಸಾಕೋ ಎಂಬ ಚರ್ಚೆಗೆ ಹೆಚ್ಚು ಹೊತ್ತು ಕೊಡಬೇಕಿಲ್ಲ. ಫ್ರಿಜ್, ವೈದ್ಯಕೀಯ ಯಂತ್ರ, ಕಂಪ್ಯೂಟರ್ ಯಾವುದಾದರೂ ಪಟ್ಟಿಯಲ್ಲಿದ್ದರೆ ಸೈನ್ ವೇವ್ ತೆಗೆದುಕೊಳ್ಳಿ. ಸ್ಕ್ವೇರ್ ವೇವ್‌ನಲ್ಲಿ ಫ್ಯಾನ್ ಗುಂಯ್‌ಗುಡುತ್ತದೆ, ಮೋಟರ್‌ಗಳು ಅನಗತ್ಯವಾಗಿ ಬಿಸಿಯಾಗುತ್ತವೆ. ಬರೀ ಬಲ್ಬ್, ಫೋನ್ ಚಾರ್ಜರ್ ಎಂದಾದರೆ ಅದೂ ನಡೆದೀತು.

ಹೆಚ್ಚಿನ ಇನ್ವರ್ಟರ್‌ಗಳಲ್ಲಿ ಯುಪಿಎಸ್ ಎಂಬ ಒಂದು ಸ್ವಿಚ್ ಇರುತ್ತದೆ. ಆ ಸ್ಥಿತಿಯಲ್ಲಿ ಬ್ಯಾಟರಿಗೆ ಬದಲಾಗುವ ಹೊತ್ತು 10-20 ಮಿಲಿಸೆಕೆಂಡಿಗೆ ಇಳಿಯುತ್ತದೆ, ಡೆಸ್ಕ್‌ಟಾಪ್ ಕಂಪ್ಯೂಟರ್ ಸಾಮಾನ್ಯವಾಗಿ ಆರಿಹೋಗುವುದಿಲ್ಲ. ಆದರೆ ಆಗ ಅದು ಒಪ್ಪುವ ವೋಲ್ಟೇಜ್ ಅಂತರ ಕಿರಿದು, 180ರಿಂದ 260ರ ಆಸುಪಾಸು. ವೋಲ್ಟೇಜ್ ಏರಿಳಿಯುವ ಲೈನಿನಲ್ಲಿ ಕರೆಂಟ್ ಇದ್ದರೂ ಆಗಾಗ ಬ್ಯಾಟರಿಗೆ ಹಾರುತ್ತಿರುತ್ತದೆ. ಕಾರಣವಿಲ್ಲದೆ ಬ್ಯಾಟರಿ ಇಳಿಯುತ್ತಿದ್ದರೆ ಮೊದಲು ಈ ಸ್ವಿಚ್ ನೋಡಿ.

ಹಂತ 7: ವೋಲ್ಟೇಜ್, ಕೇಬಲ್, ಫ್ಯೂಸ್

12 ವೋಲ್ಟೋ 24 ವೋಲ್ಟೋ ಎಂಬುದನ್ನು ಇನ್ವರ್ಟರೇ ನಿಗದಿ ಮಾಡಿರುತ್ತದೆ. ಸ್ಥೂಲವಾಗಿ 1000 ವ್ಯಾಟಿನವರೆಗೆ 12, ಎರಡು-ಎರಡೂವರೆ ಸಾವಿರದವರೆಗೆ 24, ಅದಕ್ಕೂ ಮೇಲೆ 48. ವೋಲ್ಟೇಜ್ ಇಮ್ಮಡಿಯಾದರೆ ಆಂಪಿಯರ್ ಅರ್ಧವಾಗುತ್ತದೆ. ಕೇಬಲ್ ಬಿಸಿಯಾಗುವುದು ಆಂಪಿಯರಿನಿಂದ.

1200 ವ್ಯಾಟಿನ ನಮ್ಮ ಇನ್ವರ್ಟರ್ ಪೂರ್ತಿ ಲೋಡಿನಲ್ಲಿದ್ದು ಬ್ಯಾಟರಿ 21 ವೋಲ್ಟಿಗೆ ಇಳಿದಿದ್ದರೆ 1200 ÷ 0.85 ÷ 21 = 67 ಆಂಪಿಯರ್. ಇನ್ವರ್ಟರಿನಿಂದ ಬ್ಯಾಟರಿಗೆ ಒಂದೂವರೆ ಮೀಟರ್ ದೂರ, ಹೋಗಿ ಬರುವ ದಾರಿ 3 ಮೀಟರ್. 25 ಚದರ ಮಿ.ಮೀ. ತಾಮ್ರದ ಕೇಬಲ್‌ನಲ್ಲಿ 0.14 ವೋಲ್ಟ್ ಕಳೆದುಹೋಗುತ್ತದೆ, ಚಿಂತೆಯಿಲ್ಲ. ಇದೇ 1200 ವ್ಯಾಟನ್ನು 12 ವೋಲ್ಟಿನಲ್ಲಿ ಎಳೆದರೆ 134 ಆಂಪಿಯರ್, ಕಳೆದುಹೋಗುವುದು 0.28 ವೋಲ್ಟ್. ಅಷ್ಟು ಸಣ್ಣ ವೋಲ್ಟೇಜಿನಲ್ಲಿ ಅದು ದೊಡ್ಡ ಪಾಲು. ಬ್ಯಾಟರಿಯಲ್ಲಿ ಇನ್ನೂ ಚಾರ್ಜ್ ಇರುವಾಗಲೇ ಫ್ರಿಜ್ ಶುರುವಾದ ಕೂಡಲೇ ಇನ್ವರ್ಟರ್ ಲೋ ಬ್ಯಾಟರಿ ಎಂದು ಕೂಗಿ ನಿಲ್ಲುವುದಕ್ಕೆ ಸಾಮಾನ್ಯ ಕಾರಣ ಸಪೂರ ಕೇಬಲ್ ಅಥವಾ ಸಡಿಲ ಟರ್ಮಿನಲ್.

ಫ್ಯೂಸ್ ಇಲ್ಲದೆ ಮಾಡಿದ ಕೆಲಸ ಪೂರ್ತಿಯಾದ ಕೆಲಸವಲ್ಲ. ದೊಡ್ಡ ಬ್ಯಾಟರಿ ಶಾರ್ಟ್ ಆದರೆ ಸಾವಿರಕ್ಕೂ ಹೆಚ್ಚು ಆಂಪಿಯರ್ ಹರಿಯುತ್ತದೆ, ಪಾನಾ ಕರಗಿ ಅಂಟಿಕೊಳ್ಳುವಷ್ಟು. ಪಾಸಿಟಿವ್ ಟರ್ಮಿನಲ್‌ಗೆ ಆದಷ್ಟು ಹತ್ತಿರದಲ್ಲಿ, ಗರಿಷ್ಠ ಕರೆಂಟಿನ 1.25 ಪಟ್ಟಿನ ಡಿಸಿ ಫ್ಯೂಸ್ ಹಾಕಬೇಕು. 67 × 1.25 = 84, ಸಿಗುವ ಮುಂದಿನ ಗಾತ್ರ 100 ಆಂಪಿಯರ್. ಫ್ಯೂಸಿನ ಸಂಖ್ಯೆ ಕೇಬಲ್ ತಾಳುವುದಕ್ಕಿಂತ ಹೆಚ್ಚಿರಕೂಡದು. ಮನೆಯ ಬೋರ್ಡಿನಲ್ಲಿರುವಂಥ ಎಸಿ ಎಂಸಿಬಿಯನ್ನು ಇಲ್ಲಿ ಬಳಸಬಾರದು. ಎಸಿ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುವುದರಿಂದ ಕಿಡಿ ತಾನೇ ಆರುತ್ತದೆ. ಡಿಸಿ ಹಾಗೆ ಸೊನ್ನೆಗೆ ಬರುವುದಿಲ್ಲ, ಕಿಡಿ ಉರಿಯುತ್ತಲೇ ಇರುತ್ತದೆ.

ಎರಡು ಬ್ಯಾಟರಿ ಸೀರೀಸ್‌ನಲ್ಲಿ (ಒಂದರ ಹಿಂದೊಂದು) ಕಟ್ಟುವಾಗ ಒಂದೇ ಕಂಪನಿ, ಒಂದೇ ಮಾದರಿ, ಒಂದೇ ವಯಸ್ಸಿನವು ಇರಲಿ. ಹಳೆಯದೊಂದರ ಜೊತೆ ಹೊಸದೊಂದು ಕಟ್ಟಿದರೆ ಹಳೆಯದು ಬೇಗ ಖಾಲಿಯಾಗುತ್ತದೆ, ಚಾರ್ಜ್ ಎರಡಕ್ಕೂ ಸಮನಾಗಿ ಆಗುವುದಿಲ್ಲ, ಎರಡೂ ಕೆಡುತ್ತವೆ. ಪ್ಯಾರಲಲ್‌ನಲ್ಲಿ (ಪಾಸಿಟಿವ್‌ಗೆ ಪಾಸಿಟಿವ್, ನೆಗೆಟಿವ್‌ಗೆ ನೆಗೆಟಿವ್) ಕಟ್ಟಲೇಬೇಕಾದರೆ ಇನ್ವರ್ಟರಿನ ಪಾಸಿಟಿವ್ ಒಂದು ತುದಿಯ ಬ್ಯಾಟರಿಗೆ, ನೆಗೆಟಿವ್ ಇನ್ನೊಂದು ತುದಿಯ ಬ್ಯಾಟರಿಗೆ ಹೋಗಲಿ, ಆಗ ಎಲ್ಲವೂ ಸಮನಾಗಿ ದುಡಿಯುತ್ತವೆ.

ಹಂತ 8: ಮನೆಯ ವೈರಿಂಗ್ ಮತ್ತು ಜಾಗ

ಇದು ಎಲೆಕ್ಟ್ರಿಷಿಯನ್ ಮಾಡಬೇಕಾದ ಕೆಲಸ. ಆದರೆ ಏನು ಕೇಳಬೇಕು ಎಂದು ಮನೆಯವರಿಗೆ ಗೊತ್ತಿರಬೇಕು. ಬ್ಯಾಕಪ್ ಬೇಕಾದ ಪಾಯಿಂಟ್‌ಗಳಿಗೆ ಪ್ರತ್ಯೇಕ ಸಣ್ಣ ಬೋರ್ಡ್ ಮಾಡಿಸಿ. ಫೇಸ್ ಮಾತ್ರವಲ್ಲ, ನ್ಯೂಟ್ರಲ್ ಕೂಡ ಬೇರೆ ಎಳೆಸಿ. ಇನ್ವರ್ಟರಿನ ಫೇಸ್ ಒಂದು ಕಡೆಯಿಂದ ಹೋಗಿ ನ್ಯೂಟ್ರಲ್ ಇನ್ನೊಂದು ಸರ್ಕ್ಯೂಟಿನಿಂದ ಹಿಂತಿರುಗಿದರೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಸುಮ್ಮಸುಮ್ಮನೆ ಟ್ರಿಪ್ ಆಗುತ್ತದೆ. ಕೆಲವರು ಆಗ ಆರ್‌ಸಿಸಿಬಿಯನ್ನೇ ಕಿತ್ತುಹಾಕುತ್ತಾರೆ. ಶಾಕ್‌ನಿಂದ ಕಾಪಾಡುವ ಸಾಧನವನ್ನು ಕಿತ್ತುಹಾಕಿ ತಪ್ಪು ವೈರಿಂಗನ್ನು ಉಳಿಸಿಕೊಂಡಂತಾಯಿತು.

ಬ್ಯಾಟರಿಯ ಮೇಲೆ ಓಡುವಾಗ ಬ್ಯಾಕಪ್ ಸಾಕೆಟ್‌ನಲ್ಲಿ ಮಲ್ಟಿಮೀಟರ್ ಹಿಡಿದು ತೋರಿಸಲು ಕೇಳಿ. ಫೇಸ್ ಮತ್ತು ಅರ್ಥ್ ನಡುವೆ 230ರ ಹತ್ತಿರ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಸೊನ್ನೆಯ ಹತ್ತಿರ ಬರಬೇಕು. ಎರಡೂ ಕಡೆ ನೂರರ ಆಸುಪಾಸು ತೋರಿಸಿದರೆ ಆ ಹೊತ್ತಿನಲ್ಲಿ ನ್ಯೂಟ್ರಲ್‌ಗೆ ಅರ್ಥ್ ಸಂಪರ್ಕ ತಪ್ಪಿದೆ, ಅರ್ಥ್ ಲೀಕ್ ಆದರೂ ಆರ್‌ಸಿಸಿಬಿ ಕೆಲಸ ಮಾಡದೇ ಹೋಗಬಹುದು. ಟೆಸ್ಟ್ ಬಟನ್ ಒತ್ತಿ ಟ್ರಿಪ್ ಆಯಿತಲ್ಲ ಎಂದು ಸಮಾಧಾನ ಮಾಡಿಕೊಳ್ಳಬೇಡಿ, ಆ ಬಟನ್ ಅರ್ಥ್ ಸಂಪರ್ಕವನ್ನು ಪರೀಕ್ಷಿಸುವುದಿಲ್ಲ. ಕೈಪಿಡಿ ಏನು ಹೇಳುತ್ತದೋ ಆ ಪ್ರಕಾರವೇ ಸರಿಪಡಿಸಬೇಕು.

ಎರಡೂ ತುದಿಗೆ ಪ್ಲಗ್ ಇರುವ ವೈರಿನಿಂದ ಇನ್ವರ್ಟರಿನ ಕರೆಂಟನ್ನು ಗೋಡೆಯ ಸಾಕೆಟ್‌ಗೆ ಕೊಡುವವರಿದ್ದಾರೆ. ಮೈನ್ ಸ್ವಿಚ್ ಆಫ್ ಮಾಡಲು ಮರೆತರೆ ಆ ಕರೆಂಟ್ ಬೀದಿಯ ಲೈನಿಗೆ ಹೋಗುತ್ತದೆ, ಕಂಬದ ಮೇಲೆ ರಿಪೇರಿ ಮಾಡುತ್ತಿರುವವರ ಜೀವ ಹೋಗುತ್ತದೆ. ಇನ್ವರ್ಟರಿನೊಳಗಿನ ರಿಲೇ, ಇಲ್ಲವೇ ಹೊರಗೆ ಹಾಕಿಸಿದ ಚೇಂಜ್‌ಓವರ್ ಸ್ವಿಚ್, ಈ ಎರಡೇ ದಾರಿ.

ನೀರು ಹಾಕುವ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದು ಶೇ. 4 ತಲುಪಿದರೆ ಒಂದು ಕಿಡಿ ಸಾಕು. ಮುಚ್ಚಿದ ಕಪಾಟು, ಮಲಗುವ ಕೋಣೆ, ಗ್ಯಾಸ್ ಸಿಲಿಂಡರಿನ ಪಕ್ಕ ಇಡಬೇಡಿ. ಇನ್ವರ್ಟರನ್ನು ಬ್ಯಾಟರಿಯ ನೆತ್ತಿಯ ಮೇಲೆಯೇ ತೂಗುಹಾಕಬೇಡಿ, ಆಸಿಡ್ ಆವಿ ಒಳಗಿನ ಬೋರ್ಡನ್ನು ತಿನ್ನುತ್ತದೆ. ಸುತ್ತ 15 ಸೆಂಟಿಮೀಟರ್ ಗಾಳಿಗೆ ಜಾಗ ಬಿಡಿ.

ಬ್ಯಾಟರಿ ಜೋಡಿಸುವಾಗ ಉಂಗುರ, ಬಳೆ, ವಾಚು ತೆಗೆದಿಡಿ, ಕಣ್ಣು ಕಾಯುವ ಕನ್ನಡಕ ಹಾಕಿ, ಪಾನಾದ ಹಿಡಿಗೆ ಟೇಪ್ ಸುತ್ತಿ. ಬಿಚ್ಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ.

ಹಂತ 9: ಓಡಿಸಿ ನೋಡಿ

ಹೊಸ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಒಂದು ರಜಾದಿನ ಮೈನ್ಸ್ ಆಫ್ ಮಾಡಿ ನಿಮ್ಮ ಪಟ್ಟಿಯ ಲೋಡನ್ನೇ ಓಡಿಸಿ. ಗಂಟೆಗೊಮ್ಮೆ ಬ್ಯಾಟರಿಯ ವೋಲ್ಟೇಜ್ ಬರೆದಿಡಿ. ಸೀರೀಸ್‌ನಲ್ಲಿದ್ದರೆ ಎರಡನ್ನೂ ಬೇರೆ ಬೇರೆ ಅಳೆಯಿರಿ. ಲೋಡ್ ಇರುವಾಗ ಎರಡರ ನಡುವೆ 0.3 ವೋಲ್ಟಿಗಿಂತ ಹೆಚ್ಚು ಅಂತರ ಬಂದರೆ ಒಂದು ದುರ್ಬಲವಾಗಿದೆ, ವಾರಂಟಿ ಇರುವಾಗಲೇ ಕೇಳಿ. ಲೋಡ್ ತೆಗೆದು ಕೆಲವು ಗಂಟೆ ಬಿಟ್ಟ ಮೇಲೆ ಲೆಡ್-ಆಸಿಡ್ 12.6-12.7 ವೋಲ್ಟ್ ತೋರಿಸಿದರೆ ಪೂರ್ತಿ ತುಂಬಿದೆ, 12.2 ಎಂದರೆ ಅರ್ಧ, 11.9 ಎಂದರೆ ಬಹುತೇಕ ಖಾಲಿ. ಲಿಥಿಯಂಗೆ ಈ ಅಂದಾಜು ನಡೆಯುವುದಿಲ್ಲ. ಅದರ ವೋಲ್ಟೇಜ್ ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಆಗಿದ್ದು ಥಟ್ಟನೆ ಬೀಳುತ್ತದೆ, ಬಿಎಂಎಸ್ ತೋರಿಸುವ ಶೇಕಡಾವನ್ನೇ ನೋಡಬೇಕು.

ಅನೇಕ ಇನ್ವರ್ಟರ್‌ಗಳು 12 ವೋಲ್ಟಿನ ಪ್ರತಿ ಬ್ಯಾಟರಿ 10.5 ವೋಲ್ಟ್ ತಲುಪಿದ ಮೇಲಷ್ಟೇ ನಿಲ್ಲುತ್ತವೆ. ಸಣ್ಣ ಲೋಡಿನಲ್ಲಿ 10.5 ಎಂದರೆ ಬ್ಯಾಟರಿಯನ್ನು ತಳಮುಟ್ಟ ಬಳಿದಂತೆ. ಸೆಟ್ಟಿಂಗ್ ಬದಲಿಸಲು ಬಂದರೆ 11.3ರ ಸುತ್ತ ಇಡಿ. ಬಾರದಿದ್ದರೆ ಲೆಕ್ಕ ಹಾಕಿದ ಹೊತ್ತು ಮುಗಿದ ಕೂಡಲೇ ಕೈಯಾರೆ ಆಫ್ ಮಾಡಿ.

ನೀರಿನ ಮಟ್ಟವನ್ನು ಎರಡು-ಮೂರು ತಿಂಗಳಿಗೊಮ್ಮೆ ನೋಡಿ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಅದೂ ಚಾರ್ಜ್ ಪೂರ್ತಿಯಾದ ಮೇಲೆ. ಮೊದಲೇ ತುಂಬಿಸಿದರೆ ಚಾರ್ಜ್ ಆಗುವಾಗ ಆಸಿಡ್ ಉಕ್ಕಿ ಚೆಲ್ಲುತ್ತದೆ. ತಿಂಗಳಿಗೊಮ್ಮೆ ನೀರು ಕೇಳುತ್ತಿದ್ದರೆ ಚಾರ್ಜಿಂಗ್ ವೋಲ್ಟೇಜ್ ಹೆಚ್ಚಾಗಿದೆ, ಮೀಟರ್ ಹಿಡಿದು ಅಳೆಯಿರಿ. ಮೊದಲ ದಿನ ಬರೆದಿಟ್ಟ ಹಾಳೆಯನ್ನು ಬ್ಯಾಟರಿಯ ಟ್ರಾಲಿಗೇ ಅಂಟಿಸಿಡಿ. ವರ್ಷಕ್ಕೊಮ್ಮೆ ಅದೇ ಲೋಡಿನಲ್ಲಿ ಅದೇ ಪರೀಕ್ಷೆ ಮಾಡಿ, ಹೊತ್ತು ಮೊದಲಿನ ಶೇ. 80ಕ್ಕೆ ಇಳಿದಾಗ ಹೊಸದಕ್ಕೆ ಹಣ ಹೊಂದಿಸಿಕೊಳ್ಳಿ. ಎರಡು ಬ್ಯಾಟರಿ ಇದ್ದರೆ ಎರಡನ್ನೂ ಒಟ್ಟಿಗೆ ಬದಲಾಯಿಸಬೇಕು.